ಫ್ರಿಜ್ ಹಿಂದಿನ ತಟ್ಟೆಗೆ ಏಳು ದಿನ, ನೀರಿನ ಸಂಪಿಗೆ ಆರು ತಿಂಗಳು: ಮನೆಯಲ್ಲಿ ಯಾವುದನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು?

ಕಳೆದ ಮಳೆಗಾಲದಲ್ಲಿ ಆಶಾ ಕಾರ್ಯಕರ್ತೆಯೊಬ್ಬರು ನಮ್ಮ ಮನೆಗೆ ಬಂದಿದ್ದರು. ಕೈಯಲ್ಲಿ ಒಂದು ಟಾರ್ಚು, ಕಂಕುಳಲ್ಲಿ ನೋಟ್‌ಬುಕ್ಕು. ಸಂಪಿನ ಮುಚ್ಚಳ ತೆಗೆಸಿ ಇಣುಕಿದರು, ತುಳಸಿ ಕುಂಡದ ಕೆಳಗಿನ ತಟ್ಟೆ ನೋಡಿದರು. ಆಮೇಲೆ, "ಅಕ್ಕಾ, ಫ್ರಿಜ್ ಸ್ವಲ್ಪ ಮುಂದಕ್ಕೆ ಎಳೀತೀರಾ?" ಅಂದರು.

ಹನ್ನೊಂದು ವರ್ಷದಿಂದ ಆ ಫ್ರಿಜ್ ಜೊತೆ ಸಂಸಾರ ಮಾಡುತ್ತಿದ್ದೇನೆ. ಅದರ ಹಿಂದೆ, ಕಂಪ್ರೆಸರ್ ಮೇಲೆ, ನೀರು ಇಳಿಯುವ ಒಂದು ಕರಿ ಪ್ಲಾಸ್ಟಿಕ್ ತಟ್ಟೆ ಇದೆ ಎಂಬುದು ಅವತ್ತೇ ಗೊತ್ತಾಗಿದ್ದು. ತಟ್ಟೆಯಲ್ಲಿ ಎರಡು ಬೆರಳಷ್ಟು ನೀರು. ನೀರಿನ ಮೇಲ್ಮೈಗೆ ಬಾಲ ಅಂಟಿಸಿಕೊಂಡು ತಲೆಕೆಳಗಾಗಿ ನೇತಾಡುತ್ತಿದ್ದ ಸಣ್ಣ ಸಣ್ಣ ಹುಳುಗಳು, ಟಾರ್ಚಿನ ಬೆಳಕು ಬಿದ್ದದ್ದೇ ಮೈ ತಿರುಚುತ್ತ ತಳಕ್ಕಿಳಿದವು. ಸೊಳ್ಳೆಯ ಮರಿಗಳು. ಅದೇ ದಿನ ಬೆಳಿಗ್ಗೆ ನಾನು ಇಡೀ ಮನೆಯ ನೆಲಕ್ಕೆ ಫಿನೈಲ್ ಹಾಕಿ ಎರಡೆರಡು ಸಲ ಒರೆಸಿದ್ದೆ!

2024ರ ಸೆಪ್ಟೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿತು. ಮನೆಯಲ್ಲಿ ಸೊಳ್ಳೆ ಹುಟ್ಟಲು ಬಿಟ್ಟರೆ ನಗರದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡ ಎಂದೂ ಗೊತ್ತುಪಡಿಸಿತು. ನನಗೆ ದಂಡ ಬೀಳಲಿಲ್ಲ, ನಾಚಿಕೆಯಂತೂ ಆಯಿತು. ದಿನಾ ಒರೆಸುವ ನೆಲದಲ್ಲಿ ಇಲ್ಲದ ಅಪಾಯ, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಮುಟ್ಟದ ತಟ್ಟೆಯಲ್ಲಿತ್ತು. ಹಾಗಾದರೆ ಯಾವುದನ್ನು ದಿನಾ ತೊಳೆಯಬೇಕು, ಯಾವುದನ್ನು ವಾರಕ್ಕೊಮ್ಮೆ, ಯಾವುದನ್ನು ಹಬ್ಬಕ್ಕೊಮ್ಮೆ ಮುಟ್ಟಿದರೆ ಸಾಕು?

ಸರಳ ಬಡ್ಡಿಯ ಕೊಳೆ, ಚಕ್ರಬಡ್ಡಿಯ ಕೊಳೆ

ಕೊಳೆ ಅಂದರೆ ಎಲ್ಲವೂ ಒಂದೇ ಜಾತಿಯದಲ್ಲ. ಧೂಳು ಕೂರುತ್ತದೆ. ನಿನ್ನೆ ಒಂದು ಚಿಟಿಕೆ ಕೂತಿದ್ದರೆ ಇವತ್ತು ಇನ್ನೊಂದು ಚಿಟಿಕೆ, ನಾಳೆ ಮತ್ತೊಂದು. ಹತ್ತು ದಿನ ಬಿಟ್ಟರೆ ಹತ್ತು ಚಿಟಿಕೆ, ಅಷ್ಟೇ. ಇದು ಸರಳ ಬಡ್ಡಿ. ಒಲೆಯ ಜಿಡ್ಡು, ನಲ್ಲಿಗೆ ಕಟ್ಟುವ ಬಿಳಿ ಉಪ್ಪು ಕೂಡ ಇದೇ ಲೆಕ್ಕದವು. ಆದರೆ ಅವು ತಡವಾದಷ್ಟೂ ಗಟ್ಟಿಯಾಗುತ್ತವೆ, ಉಜ್ಜುವ ಕೈಗೆ ಕೆಲಸ ಹೆಚ್ಚಿಸುತ್ತವೆ.

ಬ್ಯಾಕ್ಟೀರಿಯಾ ಹಾಗಲ್ಲ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಇದು ಚಕ್ರಬಡ್ಡಿ, ಬೇಸಿಗೆಯ ಒದ್ದೆ ಬಟ್ಟೆಯಲ್ಲಂತೂ ಮೀಟರ್ ಬಡ್ಡಿ. ಬೂಸ್ಟು, ಸೊಳ್ಳೆ, ಜಿರಳೆಗಳೂ ಇದೇ ಸಾಲಿನವು. ಇವಕ್ಕೆ ನೀರು, ತಿನ್ನಲು ಏನಾದರೂ, ಒಂದಿಷ್ಟು ಸಮಯ ಸಿಕ್ಕರೆ ಸಾಕು.

ಆದ್ದರಿಂದ ಒಂದು ಜಾಗವನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎಂಬುದಕ್ಕೆ ಅದು ಕಣ್ಣಿಗೆ ಎಷ್ಟು ಕೊಳೆಯಾಗಿ ಕಾಣುತ್ತದೆ ಎಂಬುದು ಅಳತೆಯಲ್ಲ. ಅಲ್ಲಿ ಏನು ಬೆಳೆಯುತ್ತದೆ, ಬೆಳೆದು ಮುಗಿಯಲು ಅದಕ್ಕೆ ಎಷ್ಟು ಹೊತ್ತು ಬೇಕು ಎಂಬುದೇ ಅಳತೆ. ಅದು ಮುಗಿಯುವ ಮೊದಲು ನಮ್ಮ ಕೈ ಅಲ್ಲಿಗೆ ಹೋಗಬೇಕು.

ಇನ್ನೊಂದು ಮಾತು. ತೊಳೆಯುವುದು ಬೇರೆ, ರೋಗಾಣು ಕೊಲ್ಲುವುದು ಬೇರೆ. ಸೋಪು-ನೀರು ಕೊಳೆಯನ್ನೂ ಅದರ ಜೊತೆ ಬಹುಪಾಲು ರೋಗಾಣುಗಳನ್ನೂ ಎಬ್ಬಿಸಿ ಸಾಗಹಾಕುತ್ತದೆ. ಬ್ಲೀಚ್‌ನಂಥವು ಉಳಿದದ್ದನ್ನು ಕೊಲ್ಲುತ್ತವೆ. ಆದರೆ ಜಿಡ್ಡಿನ ಮೇಲೆ ನೇರ ಬ್ಲೀಚ್ ಸುರಿದರೆ ಅದು ಜಿಡ್ಡಿನ ಜೊತೆಯೇ ಜಗಳವಾಡಿ ಸುಸ್ತಾಗುತ್ತದೆ. ಮೊದಲು ತೊಳೆಯಬೇಕು, ಆಮೇಲೆ ಬೇಕಿದ್ದರೆ ಕೊಲ್ಲಬೇಕು. ಆರೋಗ್ಯವಂತರಿರುವ ಮನೆಯಲ್ಲಿ ಹೆಚ್ಚಿನ ಜಾಗಗಳಿಗೆ ಮೊದಲನೆಯದೇ ಸಾಕು.

ಅಡುಗೆಮನೆ: ಹೆಪ್ಪಿನ ಲೆಕ್ಕ

ರಾತ್ರಿ ಒಂದು ಪಾತ್ರೆ ಉಗುರುಬೆಚ್ಚನೆ ಹಾಲಿಗೆ ಒಂದು ಚಮಚ ಮೊಸರು ಹಾಕಿ ಮಲಗುತ್ತೇವೆ. ಬೆಳಿಗ್ಗೆ ಎದ್ದರೆ ಪಾತ್ರೆ ತುಂಬ ಗಟ್ಟಿ ಮೊಸರು. ಒಂದು ಚಮಚದೊಳಗಿದ್ದ ಬ್ಯಾಕ್ಟೀರಿಯಾ ಒಂದು ರಾತ್ರಿಯಲ್ಲಿ ಇಡೀ ಪಾತ್ರೆಯನ್ನು ಗೆದ್ದುಕೊಂಡಿರುತ್ತದೆ. ಡಿಸೆಂಬರ್ ಚಳಿಯಲ್ಲಿ ಮೊಸರು ಸರಿಯಾಗಿ ಕೂರುವುದಿಲ್ಲ, ಏಪ್ರಿಲ್‌ನಲ್ಲಿ ಬೆಳಗಾಗುವಷ್ಟರಲ್ಲಿ ಹುಳಿ ಬಂದಿರುತ್ತದೆ. ಸೆಕೆ ಇದ್ದಷ್ಟೂ ಅದರ ಓಟ ಜೋರು.

ಇದೇ ಲೆಕ್ಕ ನಮ್ಮ ಮಸಿಬಟ್ಟೆಯಲ್ಲಿ, ಪಾತ್ರೆ ಉಜ್ಜುವ ಸ್ಪಂಜಿನಲ್ಲಿ ಪ್ರತಿ ರಾತ್ರಿ ನಡೆಯುತ್ತದೆ. ವ್ಯತ್ಯಾಸ ಇಷ್ಟೇ, ಹೆಪ್ಪು ಹಾಕಿದ್ದು ನಾವೆಂದು ನಮಗೆ ಗೊತ್ತಿರುವುದಿಲ್ಲ. ಹದವಾದ ಶಾಖ, ನೀರು, ಆಹಾರ ಮೂರೂ ಸಿಕ್ಕರೆ ಇ. ಕೋಲಿಯಂಥ ಬ್ಯಾಕ್ಟೀರಿಯಾ ಸುಮಾರು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಒಂದರಿಂದ ಶುರುವಾದರೂ 8 ಗಂಟೆಯಲ್ಲಿ 24 ಸಲ ಇಮ್ಮಡಿ, ಅಂದರೆ 1 ಕೋಟಿ 67 ಲಕ್ಷ ದಾಟುತ್ತದೆ. ಮನೆಯ ಸ್ಪಂಜಿನಲ್ಲಿ ಅಷ್ಟು ಒಳ್ಳೆಯ ಹದ ಎಲ್ಲ ದಿನ ಸಿಗುವುದಿಲ್ಲ ನಿಜ. ಅರ್ಧಕ್ಕರ್ಧ ಸಿಕ್ಕರೂ ಬೆಳಗಿನ ವಾಸನೆಯೇ ಸಾಕ್ಷಿ.

ಹಾಗಾಗಿ ಅಡುಗೆಮನೆಯಲ್ಲಿ ಲೆಕ್ಕ ಗಂಟೆಗಳದ್ದು. ಅಡುಗೆ ಕಟ್ಟೆ, ಒಲೆ, ಸಿಂಕು ಪ್ರತಿ ರಾತ್ರಿ ತೊಳೆದು, ಒರೆಸಿ, ಒಣಗಿಸಿ ಮಲಗಬೇಕು. ರಾತ್ರಿಯೇ ಯಾಕೆ ಅಂದರೆ ಜಿರಳೆಯ ಊಟದ ಹೊತ್ತು ಅದು. ಸಿಂಕಿನ ಜಾಲರಿಯಲ್ಲಿ ಸಿಕ್ಕಿಕೊಂಡ ನಾಲ್ಕು ಅನ್ನದಗುಳು ನಮಗೆ ಕಸ, ಅದಕ್ಕೆ ಮದುವೆ ಊಟ. ಮನೆಯೊಳಗಿನ ಕಂದುಬಣ್ಣದ ಸಣ್ಣ ಜಿರಳೆ ಒಂದೊಂದು ಮೊಟ್ಟೆಚೀಲದಲ್ಲಿ 30ರಿಂದ 40 ಮರಿ ಹೊತ್ತು ತಿರುಗುತ್ತದೆ. ಲಕ್ಷ್ಮಣರೇಖೆ ಎಳೆಯುವುದಕ್ಕಿಂತ ಅದಕ್ಕೆ ಊಟ-ನೀರು ತಪ್ಪಿಸುವುದು ಲೇಸು.

ಮಸಿಬಟ್ಟೆಯನ್ನು ದಿನಾ ಬದಲಿಸಿ, ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಬೇಕು. ಎರಡು-ಮೂರು ಬಟ್ಟೆ ಇಟ್ಟುಕೊಂಡರೆ ಇದು ಸುಲಭ. ಸ್ಪಂಜನ್ನು ಹಿಂಡಿ, ನೀರು ಇಳಿಯುವಂತೆ ನಿಲ್ಲಿಸಿಡಬೇಕು. ಸೋಪಿನ ಡಬ್ಬಿಯ ನೀರಲ್ಲಿ ನೆನೆಯಲು ಬಿಡಬಾರದು. ಎರಡು-ಮೂರು ವಾರಕ್ಕೆ ಹೊಸದು ತರಬೇಕು, ವಾಸನೆ ಬಂದರೆ ಅವತ್ತೇ. ನಮ್ಮಜ್ಜಿ ತೆಂಗಿನ ನಾರಿನಲ್ಲಿ ಬೂದಿ ಹಾಕಿ ಉಜ್ಜುತ್ತಿದ್ದರು. ನಾರು ಬೇಗ ಒಣಗುತ್ತಿತ್ತು, ಸವೆದರೆ ತಿಪ್ಪೆಗೆ, ಮರುದಿನ ಇನ್ನೊಂದು. ಸ್ಪಂಜಿಗೆ ಹೋಲಿಸಿದರೆ ಅದೇನೂ ಹಿಂದುಳಿದ ವ್ಯವಸ್ಥೆಯಲ್ಲ.

ತರಕಾರಿ ಹೆಚ್ಚುವ ಮಣೆ, ಚಾಕು, ಈಳಿಗೆ ಇವು ಬಳಸಿದ ಕೂಡಲೇ ತೊಳೆಯುವಂಥವು. ಮಾಂಸಕ್ಕೆ ಬೇರೆ ಮಣೆ ಇರಲಿ. ಹಸಿ ಕೋಳಿಯನ್ನು ನಲ್ಲಿಯ ಕೆಳಗೆ ಹಿಡಿದರೆ ಸಿಡಿಯುವ ಹನಿ ಪಕ್ಕದ ಸೊಪ್ಪಿನ ಮೇಲೂ ಬೀಳುತ್ತದೆ, ಆದ್ದರಿಂದ ಅದಾದ ಮೇಲೆ ಸಿಂಕು ಮತ್ತು ಸುತ್ತಲ ಕಟ್ಟೆಯನ್ನೂ ತೊಳೆಯಬೇಕು. ಎಲ್ಲರೂ ಮರೆಯುವ ಒಂದು ಜಾಗವಿದೆ: ಮಿಕ್ಸಿ ಜಾರಿನ ಅಡಿ ಮತ್ತು ಮುಚ್ಚಳದ ರಬ್ಬರ್. ಆ ರಬ್ಬರನ್ನು ಒಮ್ಮೆ ಬಿಡಿಸಿ ನೋಡಿ. ಹೋದ ವಾರದ ಕಾಯಿಚಟ್ನಿ ಅಲ್ಲೇ ಇರುತ್ತದೆ.

ಫ್ರಿಜ್ ಬ್ಯಾಕ್ಟೀರಿಯಾದ ಓಟ ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಲಿಸ್ಟೀರಿಯಾ ಎಂಬುದು 4 ಡಿಗ್ರಿಯ ಚಳಿಯಲ್ಲೂ ನಿಧಾನಕ್ಕೆ ಬೆಳೆಯಬಲ್ಲದು. ಗರ್ಭಿಣಿಯರಿಗೆ ಇದು ಅಪಾಯ. ಚೆಲ್ಲಿದ್ದನ್ನು ಆಗಲೇ ಒರೆಸಿ, ವಾರಕ್ಕೊಮ್ಮೆ ತರಕಾರಿ ತರುವ ಮುನ್ನ ಹಳೆಯದನ್ನು ಹೊರಹಾಕಿ, ತಿಂಗಳಿಗೊಮ್ಮೆ ಒಳಗಿನ ತಟ್ಟೆಗಳನ್ನೆಲ್ಲ ತೆಗೆದು ತೊಳೆದರೆ ಸಾಕು.

ಸೊಳ್ಳೆಗೆ ವಾರವೇ ಯಾಕೆ?

ಆರೋಗ್ಯ ಇಲಾಖೆಯವರು ವಾರಕ್ಕೊಂದು ದಿನ 'ಡ್ರೈ ಡೇ' ಮಾಡಿ, ಅಂದರೆ ನೀರಿನ ಪಾತ್ರೆಗಳನ್ನೆಲ್ಲ ಬರಿದು ಮಾಡಿ ಒಣಗಿಸಿ ಎನ್ನುತ್ತಾರೆ. ಹದಿನೈದು ದಿನ ಅನ್ನಬಹುದಿತ್ತಲ್ಲ?

ಡೆಂಗಿ, ಚಿಕುನ್‌ಗುನ್ಯಾ, ಝಿಕಾ ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆ ಹಗಲು ಕಚ್ಚುತ್ತದೆ, ಕಾಲಿನ ಮೇಲೆ ಬಿಳಿ ಪಟ್ಟೆ. ಚರಂಡಿ ನೀರು ಇದಕ್ಕೆ ಅಷ್ಟಾಗಿ ಇಷ್ಟವಿಲ್ಲ, ನಮ್ಮ ಮನೆಯ ತಿಳಿನೀರೇ ಆಗಬೇಕು. ಮೊಟ್ಟೆ ಒಡೆದು ಹುಳುವಾಗಿ, ಕೋಶವಾಗಿ, ರೆಕ್ಕೆ ಮೂಡಿ ಹಾರಲು ಸೆಕೆಯ ದಿನಗಳಲ್ಲಿ ಸುಮಾರು 7ರಿಂದ 10 ದಿನ ಸಾಕು. ಏಳನೇ ದಿನಕ್ಕೆ ನೀರು ಚೆಲ್ಲಿದರೆ ಹುಳು ನೀರಿನ ಜೊತೆ ಹೋಗುತ್ತದೆ. ಹದಿನೈದನೇ ದಿನಕ್ಕೆ ಚೆಲ್ಲಿದರೆ ಖಾಲಿ ತೊಟ್ಟಿಲು ತೂಗಿದಂತೆ. ಅವು ಆಗಲೇ ಹಾರಿ ಪಕ್ಕದ ಮನೆಯ ಮಗುವನ್ನು ಕಚ್ಚಿರುತ್ತವೆ.

ಬರೀ ಚೆಲ್ಲಿದರೆ ಸಾಲದು ಎಂಬುದು ಇದಕ್ಕಿಂತ ಮುಖ್ಯ. ಈ ಸೊಳ್ಳೆ ನೀರಿನೊಳಗೆ ಮೊಟ್ಟೆ ಇಡುವುದಿಲ್ಲ, ನೀರಿನ ಗೆರೆಗಿಂತ ತುಸು ಮೇಲೆ, ಪಾತ್ರೆಯ ಒದ್ದೆ ಗೋಡೆಗೆ ಅಂಟಿಸುತ್ತದೆ. ಮೆಣಸಿನಪುಡಿ ಉದುರಿದಂತೆ ಕಪ್ಪು ಚುಕ್ಕೆಗಳು. ನೀರು ಚೆಲ್ಲಿ, ಡ್ರಮ್ಮು ಬಿಸಿಲಲ್ಲಿ ಒಣಗಿದರೂ ಆ ಮೊಟ್ಟೆ ತಿಂಗಳುಗಟ್ಟಲೆ ಕಾಯಬಲ್ಲದು. ಮತ್ತೆ ನೀರು ತುಂಬಿದ ದಿನ ಮರಿ ಹೊರಬರುತ್ತದೆ. ಆದ್ದರಿಂದ ನಾರಿನಿಂದ ಗೋಡೆ ಉಜ್ಜಬೇಕು. ನನ್ನ ಫ್ರಿಜ್ ತಟ್ಟೆಯನ್ನು ಆ ಕಾರ್ಯಕರ್ತೆ ಚೆಲ್ಲಿ ವಾಪಸ್ ಇಡಲಿಲ್ಲ. ಹಳೇ ಹಲ್ಲುಜ್ಜುವ ಬ್ರಷ್ ಕೇಳಿ, ಅಂಚನ್ನೆಲ್ಲ ತಿಕ್ಕಿ, ಅಂಗಳದಲ್ಲಿ ಕವುಚಿ ಇಟ್ಟು ಹೋದರು.

ಹಾಗಾದರೆ ವಾರಕ್ಕೊಮ್ಮೆ ನೋಡಬೇಕಾದ ಜಾಗಗಳು ಯಾವುವು? ಫ್ರಿಜ್ ತಟ್ಟೆ, ಮನಿಪ್ಲಾಂಟ್ ಬಾಟಲಿ, ಹೂಕುಂಡದ ಅಡಿತಟ್ಟೆ, ಹಕ್ಕಿಗೆ ನೀರಿಡುವ ಮಣ್ಣಿನ ಬಟ್ಟಲು, ಬಚ್ಚಲ ಡ್ರಮ್ಮು, ಎಸಿ ನೀರು ಬೀಳುವ ಬಕೆಟ್ಟು, ಟೆರೇಸಿನ ಮೇಲಿರುವ ಹಳೇ ಟೈರು, ಎಳನೀರು ಬುರುಡೆ. ಯಾರೂ ಬಳಸದ ಅತಿಥಿಗಳ ಟಾಯ್ಲೆಟ್ಟಿನ ಕಮೋಡನ್ನೂ ವಾರಕ್ಕೊಮ್ಮೆ ಫ್ಲಶ್ ಮಾಡಬೇಕು. ಇಷ್ಟಕ್ಕೆ ನನಗೆ ಇಪ್ಪತ್ತು ನಿಮಿಷ ಹಿಡಿಯುತ್ತದೆ.

ಹಾಸಿಗೆಯೊಳಗಿನ ಬಾಡಿಗೆದಾರರು

ಬೆಳಿಗ್ಗೆ ಎದ್ದ ಕೂಡಲೇ ಸಾಲಾಗಿ ಸೀನು ಬರುವವರು ಸಾಮಾನ್ಯವಾಗಿ ಹವೆಯನ್ನು ಬೈಯುತ್ತಾರೆ. ಕಾರಣ ಎಷ್ಟೋ ಸಲ ದಿಂಬಿನಲ್ಲೇ ಇರುತ್ತದೆ. ಧೂಳಿನ ನುಸಿ ಎಂಬ ಜೀವಿ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿದ್ದು, ಕಣ್ಣಿಗೆ ಬೀಳುವುದಿಲ್ಲ, ಕಚ್ಚುವುದೂ ಇಲ್ಲ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟು ಅದರ ಊಟ. ಅಲರ್ಜಿ, ಉಬ್ಬಸ ತರುವುದು ಮುಖ್ಯವಾಗಿ ಅದರ ಹಿಕ್ಕೆ. ಅದು ನೀರು ಕುಡಿಯುವುದಿಲ್ಲ, ಗಾಳಿಯ ತೇವವನ್ನೇ ಹೀರಿ ಬದುಕುತ್ತದೆ. ಹಾಗಾಗಿ ಮಂಗಳೂರಿನ ಹಾಸಿಗೆ ಅದಕ್ಕೆ ಸ್ವರ್ಗ, ರಾಯಚೂರಿನ ಬೇಸಿಗೆ ನರಕ.

ಬೆಡ್‌ಶೀಟು, ದಿಂಬಿನ ಚೀಲ ವಾರಕ್ಕೊಮ್ಮೆ ಒಗೆಯಬೇಕು. ತಣ್ಣೀರು ಹಿಕ್ಕೆಯನ್ನು ತೊಳೆದೀತು, ನುಸಿ ಸಾಯಬೇಕಾದರೆ ನೀರು 60 ಡಿಗ್ರಿ ಇರಬೇಕು. ಅಲರ್ಜಿ ಇಲ್ಲದವರ ಮನೆಯಲ್ಲಿ ಅಷ್ಟು ಬಿಸಿಯ ಅಗತ್ಯವಿಲ್ಲ. ಹೊದಿಕೆ ತಿಂಗಳಿಗೊಮ್ಮೆ. ಹಾಸಿಗೆಯನ್ನು ಟೆರೇಸಿನ ಬಿಸಿಲಿಗೆ ಹಾಕಿ ಬಡಿಯುವ ಹಳೇ ರೂಢಿ ಈ ಕಾರಣಕ್ಕೇ ಒಳ್ಳೆಯದು: ಬಿಸಿಲು ತೇವವನ್ನು ಎಳೆಯುತ್ತದೆ, ಬಡಿತ ಧೂಳನ್ನು ಉದುರಿಸುತ್ತದೆ. ಬಡಿಯುವ ಕೆಲಸ ಉಬ್ಬಸ ಇರುವವರಿಗೆ ಬೇಡ.

ಬಚ್ಚಲು ಮತ್ತು ಒಂದು ಎಚ್ಚರಿಕೆ

ಕಮೋಡು ವಾರಕ್ಕೆರಡು ಸಲ, ಬಚ್ಚಲ ನೆಲ ವಾರಕ್ಕೊಮ್ಮೆ. ಮನೆಯಲ್ಲಿ ಯಾರಿಗಾದರೂ ವಾಂತಿ-ಭೇದಿ ಇದ್ದರೆ ದಿನಾ, ಜೊತೆಗೆ ಫ್ಲಶ್ಶಿನ ಗುಂಡಿ, ನಲ್ಲಿ, ಬಾಗಿಲ ಚಿಲಕ ಕೂಡ. ನೆಲದ ಲೋಳೆಯನ್ನು ಉಜ್ಜದೆ ಬಿಟ್ಟರೆ ರೋಗಕ್ಕಿಂತ ಮೊದಲು ಕಾಲು ಜಾರುತ್ತದೆ. ಸ್ನಾನದ ನಂತರ ನೀರು ಎಳೆದು ಕಿಟಕಿ ತೆಗೆದಿಟ್ಟರೆ ಉಜ್ಜುವ ಕೆಲಸ ಅರ್ಧ ಕಡಿಮೆಯಾಗುತ್ತದೆ.

ಎಚ್ಚರಿಕೆ ಇದು. ಟಾಯ್ಲೆಟ್ ತೊಳೆಯುವ ನೀಲಿ ದ್ರವಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಸಿಡ್ ಇರುತ್ತದೆ. ಅದರ ಜೊತೆ ಬ್ಲೀಚಿಂಗ್ ಪೌಡರ್ ಬೆರೆತರೆ ಕ್ಲೋರಿನ್ ಅನಿಲ ಏಳುತ್ತದೆ. ಬಾಗಿಲು ಹಾಕಿದ ಸಣ್ಣ ಬಚ್ಚಲಲ್ಲಿ ಅದು ಶ್ವಾಸಕೋಶವನ್ನೇ ಸುಡುತ್ತದೆ. "ಎರಡೂ ಹಾಕಿದರೆ ಇನ್ನೂ ಚೆನ್ನಾಗಿ ಹೊಳೆಯುತ್ತೆ" ಎಂಬ ಸಲಹೆ ಯಾರು ಕೊಟ್ಟರೂ ಕೇಳಬೇಡಿ. ಮನೆಗೆಲಸಕ್ಕೆ ಬರುವವರಿಗೂ ಇದನ್ನು ಬಾಯಿಬಿಟ್ಟು ಹೇಳಬೇಕು, ಡಬ್ಬಿಯ ಮೇಲಿನ ಅಕ್ಷರ ಓದಲಿ ಎಂದು ಬಿಡುವುದಲ್ಲ.

ಸಂಪು, ಟ್ಯಾಂಕು ಮತ್ತು ನೀರು ತುಂಬುವ ಹಬ್ಬ

ನರಕ ಚತುರ್ದಶಿಯ ಹಿಂದಿನ ಸಂಜೆ ನಮ್ಮಲ್ಲಿ ನೀರು ತುಂಬುವ ಹಬ್ಬ. ಬಚ್ಚಲ ಹಂಡೆಯನ್ನು ಹುಣಿಸೇಹಣ್ಣು, ಬೂದಿ ಹಾಕಿ ಬೆಳಗಿ, ಸುಣ್ಣದ ಗೆರೆ ಎಳೆದು, ಹೊಸ ನೀರು ತುಂಬಿ ಪೂಜೆ ಮಾಡುತ್ತೇವೆ. ವರ್ಷಕ್ಕೊಮ್ಮೆ ನೀರಿನ ಪಾತ್ರೆಯ ತಳ ನೋಡುವ ದಿನ ಅದು. ಹಂಡೆಯ ಜಾಗಕ್ಕೆ ಗೀಸರ್ ಬಂತು, ಬಾವಿಯ ಜಾಗಕ್ಕೆ ಸಂಪು ಬಂತು. ಹಬ್ಬಕ್ಕೆ ಈಗ ಒಂದು ತಂಬಿಗೆ ಬೆಳಗುತ್ತೇವೆ, ಸಂಪಿನ ತಳ ಯಾರೂ ನೋಡುವುದಿಲ್ಲ.

ಸಂಪು, ಓವರ್‌ಹೆಡ್ ಟ್ಯಾಂಕು ಆರು ತಿಂಗಳಿಗೊಮ್ಮೆ ತೊಳೆಯುವಂಥವು. ಮಳೆಯ ಚರಂಡಿ ನೀರು ಸಂಪಿಗೆ ನುಗ್ಗಿದರೆ ತಕ್ಷಣ. ನೀರು ಖಾಲಿ ಮಾಡಿ, ಗೋಡೆ ಉಜ್ಜಿ, ಕೆಸರು ತೆಗೆದು, ಮತ್ತೆ ತುಂಬಿ ಬ್ಲೀಚಿಂಗ್ ಪೌಡರ್ ಹಾಕುವುದು ಕ್ರಮ. ಸೋಂಕು ಕಳೆಯಲು ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಎಂಬ ಲೆಕ್ಕ ಹಿಡಿದರೆ 1,000 ಲೀಟರಿಗೆ 50 ಗ್ರಾಂ ಬೇಕು. ಹೊಸ ಬ್ಲೀಚಿಂಗ್ ಪೌಡರಿನಲ್ಲಿ ಕ್ಲೋರಿನ್ ಇರುವುದು ಮೂರನೇ ಒಂದು ಭಾಗ, ಆದ್ದರಿಂದ ಪೌಡರ್ ಸುಮಾರು 150 ಗ್ರಾಂ. ಅದನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು, ಒಂದು ರಾತ್ರಿ ಬಿಟ್ಟು, ಆ ನೀರನ್ನೆಲ್ಲ ಹೊರಹಾಕಿ ಹೊಸ ನೀರು ತುಂಬಬೇಕು. ಆ ರಾತ್ರಿಯ ನೀರು ಕುಡಿಯಲು, ಅಡುಗೆಗೆ ಸಲ್ಲದು.

ಬಹುದಿನ ಮುಚ್ಚಿಟ್ಟ ಸಂಪಿಗೆ ಮುಚ್ಚಳ ತೆಗೆದ ಕೂಡಲೇ ಇಳಿಯಬಾರದು. ಒಳಗೆ ಆಮ್ಲಜನಕ ಕಡಿಮೆ ಇರಬಹುದು. ಇಳಿದವನು ಕುಸಿದರೆ, ಎತ್ತಲು ಇಳಿದವನೂ ಕುಸಿಯುತ್ತಾನೆ. ಇಂಥ ಸಾವುಗಳು ನಮ್ಮಲ್ಲಿ ಮತ್ತೆ ಮತ್ತೆ ಆಗಿವೆ. ಕೆಲವು ಗಂಟೆ ಗಾಳಿಯಾಡಲು ಬಿಟ್ಟು, ಮೇಲೊಬ್ಬರು ನಿಂತು, ಸೊಂಟಕ್ಕೆ ಹಗ್ಗ ಕಟ್ಟಿ ಇಳಿಯಬೇಕು. ಒಳಗೆ ಇಳಿಯದೆ ಯಂತ್ರದಿಂದ ತೊಳೆಯುವವರು ಸಿಕ್ಕರೆ ಅದು ಇನ್ನೂ ಮೇಲು.

ಬೋರ್‌ವೆಲ್ ನೀರಿನ ಮನೆಗಳಲ್ಲಿ ಗೀಸರನ್ನೂ ನೋಡಿಸಬೇಕು. ಗಡಸು ನೀರು ಕಾದಾಗ ಅದರೊಳಗಿನ ಸುಣ್ಣದಂಶ ಕಾಯಿಲ್‌ಗೆ ಅಂಟುತ್ತದೆ, ನೀರು ಕಾಯಿಸುವ ಪಾತ್ರೆಯ ತಳಕ್ಕೆ ಬಿಳಿ ಪದರ ಕಟ್ಟುವಂತೆ. ಕಾಯಿಲ್ ಕಂಬಳಿ ಹೊದ್ದಂತಾಗಿ ಕರೆಂಟು ಹೆಚ್ಚು ತಿನ್ನುತ್ತದೆ. ವರ್ಷಕ್ಕೊಮ್ಮೆ ಬಿಚ್ಚಿಸಿ ತೊಳೆಸಿದರೆ ಸರಿ.

ತಿರುಗುವ ಫ್ಯಾನಿಗೆ ಧೂಳು ಕೂರುವುದು ಹೇಗೆ?

ನನ್ನ ಮಗ ಕೇಳಿದ ಪ್ರಶ್ನೆ ಇದು. ಅಷ್ಟು ಜೋರಾಗಿ ತಿರುಗುವ ಫ್ಯಾನು ಧೂಳನ್ನು ಒದರಿಬಿಡಬೇಕಲ್ಲ? ರೆಕ್ಕೆಗೆ ತಾಗಿದ ತೀರಾ ತೆಳುವಾದ ಗಾಳಿಯ ಪದರ ರೆಕ್ಕೆಯ ಜೊತೆಯೇ ತಿರುಗುತ್ತದೆ. ಅದರೊಳಗೆ ಸೇರಿದ ಸಣ್ಣ ಕಣಕ್ಕೆ ಬೀಸುಗಾಳಿಯೇ ತಟ್ಟುವುದಿಲ್ಲ. ಒಗ್ಗರಣೆಯ ಎಣ್ಣೆಹೊಗೆ ಸೇರಿದರೆ ಅಂಟೂ ಆಯಿತು. ಗಾಳಿಯನ್ನು ಸೀಳುವ ಮುಂದಿನ ಅಂಚಿನಲ್ಲೇ ಧೂಳು ದಪ್ಪ. ತಿಂಗಳಿಗೊಮ್ಮೆ, ಹಳೇ ದಿಂಬಿನ ಚೀಲವನ್ನು ರೆಕ್ಕೆಗೆ ತೊಡಿಸಿ ಎಳೆದರೆ ಧೂಳು ಚೀಲದೊಳಗೆ ಬೀಳುತ್ತದೆ, ತಲೆಯ ಮೇಲಲ್ಲ. ಫ್ಯಾನು ಮೊದಲು, ನೆಲ ಕೊನೆಗೆ. ಮೇಲಿನದು ಕೆಳಗೇ ಬೀಳುವುದರಿಂದ.

ಉಳಿದವು ಬೇಗ ಮುಗಿಯುತ್ತವೆ. ಚಿಮಣಿಯ ಜಾಲರಿ, ದಿನಾ ಒಗ್ಗರಣೆ-ಕರಿಯುವುದು ಇರುವ ಮನೆಯಲ್ಲಿ ಹದಿನೈದು ದಿನಕ್ಕೊಮ್ಮೆ, ಇಲ್ಲದಿದ್ದರೆ ತಿಂಗಳಿಗೆ. ಅಲ್ಲಿನ ಜಿಡ್ಡು ಬೆಂಕಿ ಹಿಡಿಯುವಂಥದ್ದು ಎಂಬುದು ನೆನಪಿರಲಿ. ಎಸಿ ಫಿಲ್ಟರ್, ಓಡುವ ತಿಂಗಳುಗಳಲ್ಲಿ ಎರಡು ವಾರಕ್ಕೊಮ್ಮೆ. ವಾಷಿಂಗ್ ಮೆಷಿನ್ನಿಗೆ ತಿಂಗಳಿಗೊಂದು ಖಾಲಿ ಬಿಸಿನೀರಿನ ಸುತ್ತು, ಪ್ರತಿ ಸಲ ಒಗೆದ ಮೇಲೆ ಬಾಗಿಲು ತೆರೆದಿಡುವುದು. ಕಿಟಕಿಯ ಸೊಳ್ಳೆಜಾಲರಿ ಎರಡು-ಮೂರು ತಿಂಗಳಿಗೆ, ಪರದೆ ಮೂರು ತಿಂಗಳಿಗೆ. ಅಟ್ಟದ ಇಲ್ಲಣ, ಜೇಡರಬಲೆ ಹೊಡೆಯಲು ಯುಗಾದಿ, ದಸರಾ ಇದ್ದೇ ಇವೆ.

ಊರು ಬದಲಾದರೆ ಲೆಕ್ಕವೂ ಬದಲು

ಮೇಲಿನ ದಿನಗಳೆಲ್ಲ ಬೆಂಗಳೂರಿನಂಥ ಹದ ಹವೆಯ ಲೆಕ್ಕ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಮಳೆ. ಒದ್ದೆಯಾದ ಬಟ್ಟೆ, ಹಲಗೆಯ ಮೇಲೆ ಬೂಸ್ಟು ಹುಟ್ಟಲು ಒಂದೆರಡು ದಿನ ಸಾಕು. ಅಲ್ಲಿ ಆಷಾಢ-ಶ್ರಾವಣದಲ್ಲಿ ಬೀರು, ಚಪ್ಪಲಿ ಗೂಡು, ಗೋಡೆಗೆ ಒತ್ತಿದ ಮಂಚದ ಹಿಂಬದಿ ವಾರಕ್ಕೊಮ್ಮೆ ಒರೆಸಬೇಕು, ಧೂಳಿನ ಚಿಂತೆಯೇ ಇಲ್ಲ. ವಿಜಯಪುರದ ಕಡೆ ಇದು ಪೂರ್ತಿ ಉಲ್ಟಾ. ಗಾಳಿ ಎದ್ದರೆ ದಿನಕ್ಕೆರಡು ಸಲ ಕಸ ಹೊಡೆದರೂ ಸಾಲದು, ಬೂಸ್ಟು ಮಾತ್ರ ಅಪರೂಪ. ನೀರು ದಿನಬಿಟ್ಟು ದಿನ ಬರುವ ಊರಿನವರು ಡ್ರಮ್ಮಿನಲ್ಲಿ ಕೂಡಿಡುತ್ತಾರೆ. ಅವರಿಗೆ ವಾರಕ್ಕೊಮ್ಮೆ ಡ್ರಮ್ಮು ಉಜ್ಜುವುದೇ ಎಲ್ಲಕ್ಕಿಂತ ದೊಡ್ಡ ಕೆಲಸ.

ಯಾವುದನ್ನು ಕಡಿಮೆ ಮಾಡಬಹುದು?

ನೆಲವನ್ನು. ದಿನಾ ಕಸ ಗುಡಿಸುವುದು ಸರಿ. ಆದರೆ ಹೊರಗಿನ ಚಪ್ಪಲಿ ಒಳಗೆ ಬಾರದ ಮನೆಯಲ್ಲಿ ಅಂಬೆಗಾಲಿಡುವ ಮಗು ಇಲ್ಲದಿದ್ದರೆ ದಿನಬಿಟ್ಟು ದಿನ ಒರೆಸಿದರೂ ನಡೆಯುತ್ತದೆ, ಬರೀ ನೀರು-ಸೋಪು ಸಾಕು. ಫಿನೈಲ್ ವಾಸನೆಗೂ ಶುಚಿಗೂ ನಮ್ಮ ಮನಸ್ಸು ಗಂಟು ಹಾಕಿದೆ, ಅಷ್ಟೇ. ಒರೆಸುವ ಬಟ್ಟೆಯೇ ಒದ್ದೆಯಾಗಿ ಮೂಲೆಯಲ್ಲಿ ಬಿದ್ದಿದ್ದರೆ ಮರುದಿನ ನಾವು ನೆಲಕ್ಕೆ ಹಚ್ಚುವುದು ನಿನ್ನೆಯ ಹೆಪ್ಪನ್ನೇ. ಗೋಡೆ, ಪುಸ್ತಕದ ಬೀರು, ಷೋಕೇಸು ಇವು ತಿಂಗಳುಗಟ್ಟಲೆ ಕಾಯಬಲ್ಲವು. ನೆಂಟರು ಬರುವ ಮುನ್ನ ನಾವು ಮೊದಲು ಒರೆಸುವುದು ಇವನ್ನೇ!

ನೆಲಕ್ಕೆ ಹೋಗುತ್ತಿದ್ದ ಸಮಯದಲ್ಲಿ ಇಪ್ಪತ್ತು ನಿಮಿಷ ಕದ್ದು ನಾನು ಶುಕ್ರವಾರಕ್ಕೆ ಕೊಟ್ಟಿದ್ದೇನೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ ಪ್ರತಿ ಶುಕ್ರವಾರದ ಮನೆಯೊಳಗೆ ಸಣ್ಣಕ್ಕೆ 'ತಟ್ಟೆ' ಎಂದು ಬರೆದಿದೆ. ಊರಿಂದ ಬಂದ ಅತ್ತೆ ಕನ್ನಡಕ ಏರಿಸಿ ನೋಡಿ, "ಇದ್ಯಾವ ವ್ರತ ಹಿಡ್ದಿದೀಯೇ?" ಅಂದರು. ಫ್ರಿಜ್ ಎಳೆದು ತೋರಿಸಿದೆ.